ಉಪ್ಪಿನಕಾಯಿ ಬಾಟಲಿಯಲ್ಲಿ ತಂದ ಮರಳು

ಹೈದರಾಬಾದಿನಲ್ಲಿ ಸಮುದ್ರ ಎಲ್ಲಿದೆ ಎಂದು ನನ್ನನ್ನು ಕೇಳದವರಿಲ್ಲ. ಹೆಣ್ಣು ನೋಡಲು ಹೋದಾಗ ಮಾವನವರೂ ಕೇಳಿದ್ದರು. ಹುಡುಗನಿಗೆ ಹೈದರಾಬಾದಿನಲ್ಲಿ ಸರ್ಕಾರಿ ಕೆಲಸ ಎಂದಿದ್ದರೆ ಸಾಕಿತ್ತು. ನಾನೇ ಸುಮ್ಮನಿರಲಾರದೆ, ಬಂದರುಗಳ ಹತ್ತಿರ ಸಮುದ್ರದ ತಳದ ಮರಳು ಯಾವ ಕಡೆ ಸರಿಯುತ್ತದೆ ಎಂದು ನೋಡುವುದು ನಮ್ಮ ಕೆಲಸ ಎಂದು ವಿವರಿಸಲು ಹೋದೆ. ಅವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿ, "ಉಸುಕು ಎತ್ತಾಗ ಹೊಂಟೈತಿ ಅಂತ ನೋಡಾಕ ಸರ್ಕಾರ ಪಗಾರ ಕೊಡತೈತೇನ್ರಿ?" ಎಂದರು. ರಾಯಚೂರಿನ ಆ ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಬಾಗಿಲ ಹಿಂದಿನಿಂದ ಬಂದ ಒಂದು ನಗು ಮಾತ್ರ ಬೇರೆಯಾಗಿ ಕೇಳಿಸಿತು. ನಕ್ಕವಳನ್ನೇ ಮದುವೆಯಾದೆ.

ಆ ಕೆಲಸ ಏನೆಂದು ಇಲ್ಲೂ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಂದರಿನ ಬಾಯಲ್ಲಿ ಹೂಳು ತುಂಬುತ್ತದೆ. ಅದನ್ನು ತೋಡಿ, ಹಡಗಿನಲ್ಲಿ ಒಯ್ದು ದೂರ ಸುರಿಯುತ್ತಾರೆ. ಸುರಿದದ್ದು ತಿರುಗಿ ಅಲ್ಲಿಗೇ ಬಂದರೆ ಪಟ್ಟ ಪಾಡೆಲ್ಲ ನೀರುಪಾಲು. ಎಲ್ಲಿ ಸುರಿದರೆ ತಿರುಗಿ ಬರುವುದಿಲ್ಲ ಎಂದು ತಿಳಿಯಬೇಕಾದರೆ ಗುರುತು ಹಾಕಿದ ಒಂದಿಷ್ಟು ಮರಳನ್ನು ಅಲ್ಲಿ ಬಿಟ್ಟು, ಅದರ ಬೆನ್ನು ಹತ್ತಬೇಕು. ಗುರುತು ಎಂದರೆ ಬಣ್ಣವಲ್ಲ, ವಿಕಿರಣ. ಅಲ್ಲಿಯ ಮರಳಿನ ಕಾಳಿನಷ್ಟೇ ದಪ್ಪಕ್ಕೆ ಒಂದು ಬಗೆಯ ಗಾಜನ್ನು ಪುಡಿ ಮಾಡಿ, ಬೇರೊಂದು ಊರಿನ ರಿಯಾಕ್ಟರಿಗೆ ಕಳಿಸಿ, ಸೀಸದ ಡಬ್ಬಿಯಲ್ಲಿ ತರಿಸಿಕೊಂಡು, ಬೋಟಿನಿಂದ ತಳಕ್ಕೆ ಇಳಿಬಿಡುತ್ತಿದ್ದೆವು. ಆಮೇಲೆ ತಿಂಗಳುಗಟ್ಟಲೆ, ಕಿರಣ ಎಣಿಸುವ ಯಂತ್ರವನ್ನು ಸಮುದ್ರದ ತಳದಲ್ಲಿ ಎಳೆದುಕೊಂಡು ತಿರುಗುವುದು. ಯಂತ್ರ ತೋರಿಸಿದ ಅಂಕಿಯನ್ನು ನಾನು ಕೂಗಿ ಹೇಳುತ್ತಿದ್ದೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಆ ಗಾಜಿನ ಕಿರಣ ಎಂಬತ್ತನಾಲ್ಕು ದಿನಕ್ಕೆ ಅರ್ಧವಾಗುತ್ತದೆ, ಇನ್ನೆಂಬತ್ತನಾಲ್ಕಕ್ಕೆ ಅದರರ್ಧ. ಎರಡು ಮೂರು ವರ್ಷ ಕಳೆದರೆ ಅದು ಬರೀ ಗಾಜು.

ನಮ್ಮ ತಂಡದ ಹಿರಿಯರು ತೆಲುಗಿನವರು. ಮಾತು ಕಡಿಮೆ, ಮಜ್ಜಿಗೆಯ ಬಾಟಲಿ ಸದಾ ಬಗಲಲ್ಲಿ. ಅವರು ನನಗೆ ಕಲಿಸಿದ ಮೊದಲ ಪಾಠ ಒಂದೇ. ಸಮುದ್ರಕ್ಕೆ ಏನನ್ನಾದರೂ ಬಿಡುವ ಮೊದಲು, ಸಮುದ್ರ ತನ್ನಷ್ಟಕ್ಕೆ ತಾನೇ ಎಷ್ಟು ಅಂಕಿ ಕೊಡುತ್ತದೆ ಎಂದು ಬರೆದುಕೋ. ಮಣ್ಣು, ಕಲ್ಲು, ಮರಳು ಎಲ್ಲದರಲ್ಲೂ ಹುಟ್ಟಿನಿಂದಲೇ ಸ್ವಲ್ಪ ಕಿರಣ ಇದ್ದೇ ಇರುತ್ತದೆ. ಅದನ್ನು ಮೊದಲೇ ಬರೆದಿಡದಿದ್ದರೆ ಆಮೇಲೆ ಸಿಕ್ಕಿದ್ದೆಲ್ಲ ನೀನೇ ಹಾಕಿದ್ದು ಎಂದು ಕಾಣುತ್ತದೆ. ಹೀಗೆಂದು ಪ್ರತಿ ಸಲ ಬೋಟು ಹತ್ತುವಾಗ ಹೇಳುತ್ತಿದ್ದರು, ನಾನು ಪ್ರತಿ ಸಲವೂ ಬೇಸರದಿಂದ ತಲೆಯಾಡಿಸುತ್ತಿದ್ದೆ.

ನಾವು ಹೈದರಾಬಾದಿನ ತಾರ್ನಾಕದಲ್ಲಿ ಬಾಡಿಗೆಗೆ ಇದ್ದೆವು. ಅವ್ವ ನನ್ನ ತಮ್ಮನ ಸಂಸಾರದ ಜೊತೆ ಹತ್ತಿರದ ಮಲ್ಕಾಜ್‌ಗಿರಿಯಲ್ಲಿ. ತಮ್ಮನಿಗೆ ಅಪ್ಪನ ಹಾಗೇ ರೈಲ್ವೆ ಕೆಲಸ. ಊರಲ್ಲಿ ಆಗ ಕಂಪ್ಯೂಟರ್ ಕೋರ್ಸಿನ ಬೋರ್ಡು ಇಲ್ಲದ ಗೋಡೆ ಇರಲಿಲ್ಲ. ಎದುರು ಮನೆಯವರು ನನ್ನನ್ನು ಕಂಡಾಗಲೆಲ್ಲ, ಇನ್ನೂ ಏನೂ ಕಲಿಯಲಿಲ್ಲವೇ ಎಂದು ಮರುಕದಿಂದ ಕೇಳುತ್ತಿದ್ದರು. ಕಲಿತವಳು ನನ್ನ ಹೆಂಡತಿ. ಟೈಪಿಂಗ್ ಮೊದಲೇ ಬರುತ್ತಿತ್ತು, ಕೊಂಡಾಪುರದ ಒಂದು ಆಫೀಸಿನಲ್ಲಿ ಕೆಲಸ ಹಿಡಿದಳು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿಷಯ ಹೇಳಿ ರೆಕಾರ್ಡು ಮಾಡಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪು ಮಾಡುವುದು. ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಎರಡೇ ವರ್ಷದಲ್ಲಿ ಅವಳ ಸಂಬಳ ನನ್ನದನ್ನು ದಾಟಿತು. "ಉಸುಕಿನ ಸಾಹೇಬ್ರ, ಊಟಕ್ಕೆ ಏಳ್ರಿ" ಎಂದು ಛೇಡಿಸುವಳು. ನನಗೆ ಸಿಟ್ಟು ಬೇಗ ಬರುತ್ತದೆ, ಆದರೆ ಅವಳ ಆ ಮಾತಿಗೆ ಎಂದೂ ಬರಲಿಲ್ಲ.

ಸಿಟ್ಟು ಬರುತ್ತಿದ್ದುದು ಅವ್ವನ ಮೇಲೆ. ಸಮುದ್ರದ ಕೆಲಸ ಮುಗಿಸಿ ಬಂದಾಗ ನಾನು ಮಲ್ಕಾಜ್‌ಗಿರಿಗೆ ಹೋದರೆ ಹೊಸ್ತಿಲ ಹೊರಗೇ ನಿಲ್ಲಿಸಿ ಅರಿಶಿನದ ನೀರು ಚಿಮುಕಿಸುತ್ತಿದ್ದಳು. ಅಂಗಿಯನ್ನು ಬೇರೆ ಬಕೀಟಿನಲ್ಲಿ ನೆನೆಸುತ್ತಿದ್ದಳು. ನಮ್ಮ ಅಂಗಿಗೆ ಬಿಲ್ಲೆ ಸಿಕ್ಕಿಸಿರುತ್ತಾರೆ, ಮೈಗೆ ಎಷ್ಟು ಕಿರಣ ತಾಗಿದೆ ಎಂದು ಅದು ಹೇಳುತ್ತದೆ, ನನ್ನದು ಯಾವಾಗಲೂ ಇಲ್ಲ ಎನ್ನುವಷ್ಟು ಕಡಿಮೆ ಎಂದು ನೂರು ಸಲ ಹೇಳಿದ್ದೆ. ಸಿಟಿ ಬಸ್ಸಿನ ಸೀಟು ಇದಕ್ಕಿಂತ ಹೊಲಸು ಎಂದು ವಾದ ಮಾಡಿದ್ದೆ. ವಾದದಲ್ಲಿ ಗೆಲ್ಲುವುದೆಂದರೆ ನನಗೆ ಊಟಕ್ಕಿಂತ ಮುಖ್ಯ. ಅವ್ವ ವಾದಕ್ಕೇ ಇಳಿಯುತ್ತಿರಲಿಲ್ಲ. "ಹೂಂ ತಮ್ಮಾ, ನಿಂದ ಖರೆ" ಎನ್ನುತ್ತಲೇ ನೀರು ಚಿಮುಕಿಸುತ್ತಿದ್ದಳು.

ಮದುವೆಯಾಗಿ ಆರು ವರ್ಷಕ್ಕೆ ಹೆಂಡತಿ ಬಸುರಾದಳು. ಆಗ ನಾವು ಆಂಧ್ರದ ಕರಾವಳಿಯ ಒಂದು ಬಂದರಿನಲ್ಲಿ ಮರಳಿನ ಬೆನ್ನು ಹತ್ತಿದ್ದೆವು. ಮೂರನೆಯ ತಿಂಗಳಲ್ಲಿ ಬಯಕೆ ಸುರುವಾಯಿತು. ಹುಳಿಯೂ ಬೇಡ, ಖಾರವೂ ಬೇಡ, ಸಮುದ್ರ ನೋಡಬೇಕು ಎಂದಳು. ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರು. "ಹಂಗಾರ ಅಲ್ಲೀ ಉಸುಕಾದ್ರೂ ತಂದು ಕೊಡ್ರಿ. ಹಸೀ ಉಸುಕಿನ ವಾಸ್ನಿ ಭಾಳ ಬೇಕನಸ್ತೈತಿ" ಎಂದಳು. ಬಸುರಿಯ ಬಯಕೆಗೆ ಇಲ್ಲ ಎನ್ನಬಾರದು ಎಂದು ಅವ್ವನೂ ಹೇಳಿದಳು. ಮುಂದಿನ ಸಲ ಹೋದಾಗ, ಕೆಲಸದ ಜಾಗದಿಂದ ದೂರ, ಮಕ್ಕಳು ಆಡುತ್ತಿದ್ದ ದಂಡೆಯಿಂದ ಮರಳು ತುಂಬಿಕೊಂಡು ಬಂದೆ. ತೊಳೆದು ಒಣಗಿಸಿದ ಉಪ್ಪಿನಕಾಯಿ ಬಾಟಲಿ. ನಮ್ಮ ಗಾಜಿನ ಪುಡಿಗೂ ಆ ಮರಳಿಗೂ ಸಂಬಂಧವೇ ಇರಲಿಲ್ಲ. ಆ ದಂಡೆಯ ಮರಳಿನಲ್ಲಿ ಎಳ್ಳಿನಂಥ ಕರಿ ಕಾಳು ಬೆರೆತಿದ್ದವು. ಅವಳು ಅದನ್ನು ಕಿಟಕಿಯಲ್ಲಿಟ್ಟು, ದಿನಾ ಮುಂಜಾನೆ ನಾಲ್ಕು ಹನಿ ನೀರು ಹಾಕಿ, ಮುಚ್ಚಳ ತೆಗೆದು ಮೂಸುತ್ತಿದ್ದಳು. ಅವಳ ಮುಖದಲ್ಲಿ ಆಗ ಕಂಡ ತೃಪ್ತಿಯನ್ನು ನಾನು ಬೇರೆ ಯಾವುದಕ್ಕೂ ಕಂಡಿಲ್ಲ.

ಐದನೆಯ ತಿಂಗಳಲ್ಲಿ ಮಗು ಹೋಯಿತು. ನಾನು ಬೋಟಿನಲ್ಲಿದ್ದೆ. ದಡಕ್ಕೆ ಬಂದಾಗ ಗೆಸ್ಟ್‌ಹೌಸಿನವನು ಫೋನು ಬಂದಿತ್ತೆಂದು ಹೇಳಿದ. ಉಟ್ಟ ಬಟ್ಟೆಯಲ್ಲೇ ರೈಲು ಹತ್ತಿದೆ. ಸಿಕಂದರಾಬಾದಿನ ಆಸ್ಪತ್ರೆಯ ಓಣಿಯಂಥ ಹಾದಿಯಲ್ಲಿ ಅವ್ವ ಎದುರು ಬಂದಳು. ನನ್ನ ಎದೆಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ಈ ಅಂಗಿ ಹಾಕ್ಕೊಂಡು ಅಕಿ ಹತ್ರ ಹೋಗಬ್ಯಾಡ ತಮ್ಮಾ" ಎಂದಳು. ಅವಳು ಜೋರು ಮಾಡಿ ಹೇಳಲಿಲ್ಲ, ಬೇಡಿಕೊಂಡಳು. ತೆರೆದ ಬಾಗಿಲಿನಿಂದ ನನ್ನ ಹೆಂಡತಿ ನೋಡುತ್ತಿದ್ದಳು. ಕಾರಣ ಹೇಳಲಾಗದು, ಎಷ್ಟೋ ಜನಕ್ಕೆ ಹೀಗಾಗುತ್ತದೆ, ಆರು ತಿಂಗಳು ಬಿಟ್ಟು ಮತ್ತೆ ನೋಡಬಹುದು ಎಂದು ಡಾಕ್ಟರು ಹೇಳಿದರು. ನನ್ನ ತಲೆಯಲ್ಲಿ ಇದ್ದದ್ದು ಅಂಗಿಯ ಮಾತೊಂದೇ.

ಬಾಣಂತಿಯಂತೆ ನೋಡಿಕೊಳ್ಳಲು ಅವ್ವ ತಾರ್ನಾಕಕ್ಕೆ ಬಂದು ನಿಂತಳು. ಒಂದು ಶನಿವಾರ ನಾನು ಆಫೀಸಿನ ಕೈಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ತಂದೆ. ಸೋಮವಾರ ಅದನ್ನು ತಪಾಸಣೆಗೆ ಕೊಡುವುದಿತ್ತು, ನಡುವೆ ಒಂದು ದಿನ ನನ್ನದಾಗಿರಲಿ ಎಂದುಕೊಂಡೆ. ಕಿರಣ ಸಿಕ್ಕಾಗ ಟಕ್ ಟಕ್ ಎನ್ನುವ ಚಿಕ್ಕ ಯಂತ್ರ. ಭಾನುವಾರ ಬೆಳಿಗ್ಗೆ ಅಂಗಿ, ಪ್ಯಾಂಟು, ಬೂಟುಗಳನ್ನು ಪಡಸಾಲೆಯ ನಡುವೆ ಹರವಿ ಅವ್ವನನ್ನು ಕರೆದೆ. ಹೆಂಡತಿ ಮಂಚದ ಮೇಲೆ ಕೂತಿದ್ದಳು. ಯಂತ್ರ ಹಚ್ಚಿ ಅಂಗಿಯ ಮೇಲೆ ಹಿಡಿದೆ. ಒಂದು ಟಕ್. ತುಸು ಬಿಟ್ಟು ಇನ್ನೊಂದು. ಬೂಟಿನ ಮೇಲೂ ಅಷ್ಟೇ. "ಕೇಳಿದ್ಯಾ? ಬರೀ ಗಾಳಿಗೂ ಇಷ್ಟ ಆಗತೈತಿ" ಎಂದೆ. ಅವ್ವ, ಹಾಲು ಒಲೆಯ ಮೇಲಿದೆ ಎಂದು ಒಳಗೆ ಹೋದಳು. ಗೆದ್ದೆ ಎಂದುಕೊಂಡೆ.

ಆಗ ಹೆಂಡತಿ, "ಆ ಬಾಟ್ಲಿ ಮ್ಯಾಲ ಹಿಡೀರಿ" ಎಂದಳು.

ಹಿಡಿದೆ. ಯಂತ್ರ ಒಂದೇ ಸಮನೆ ಟಕಟಕ ಎನ್ನತೊಡಗಿತು. ಯಾಕೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆ ಕರಾವಳಿಯ ಕರಿ ಕಾಳಿಗೆ ಕಿರಣ ಹುಟ್ಟಿನಿಂದಲೇ ಇದೆ. ಅಲ್ಲಿಯ ದಂಡೆ ದಂಡೆಯೇ ಹಾಗೆ, ಅದರಿಂದ ಯಾರಿಗೂ ಏನೂ ಆಗಿಲ್ಲ. ಕೆಲಸಕ್ಕೆ ಮೊದಲು ಅದರ ಅಂಕಿಯನ್ನು ಕೂಗಿ ಬರೆಸಿದವನೇ ನಾನು. ಮನೆಯಲ್ಲಿ ಮಾತ್ರ ಯಾವುದನ್ನೂ ಮೊದಲು ಅಳೆಯದೆ ನೇರ ಮೆರೆಯಲು ನಿಂತಿದ್ದೆ. ಅದನ್ನು ಅವಳಿಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅಡುಗೆಮನೆಯಿಂದ, "ಅದೇನ್ ಸಪ್ಪಳಪಾ?" ಎನ್ನುತ್ತಾ ಬಂದಳು. ನಾನು ತಟ್ಟನೆ ಯಂತ್ರ ಬಂದ್ ಮಾಡಿದೆ. "ಏನಿಲ್ಲವ್ವ, ಬ್ಯಾಟರಿ ಮುಗೀತು" ಎಂದೆ. ಗೆದ್ದ ವಾದವನ್ನು ಅವ್ವನ ಮುಂದೆ ಸೋಲುವುದು ನನ್ನಿಂದ ಆಗುತ್ತಿರಲಿಲ್ಲ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನೂ ಇರಲಿಲ್ಲ.

ಸಂಜೆ ಹೆಂಡತಿಗೆ ಹೇಳಿದೆ. ಅದು ಮರಳಿನ ಗುಣ, ಹೆದರುವಂಥದ್ದಲ್ಲ ಎಂದೆ. "ಹೂಂನ್ರಿ" ಎಂದಳು. ಮಾರನೆಯ ದಿನ ಬಾಟಲಿ ಕಿಟಕಿಯಲ್ಲಿರಲಿಲ್ಲ. ಎಸೆದಳು ಎಂದುಕೊಂಡು ಸಮಾಧಾನಪಟ್ಟೆ. ಎಲ್ಲಿ ಎಸೆದೆ ಎಂದು ಕೂಡ ಕೇಳಲಿಲ್ಲ.

ಆರು ತಿಂಗಳು ಕಳೆಯಿತು, ವರ್ಷ ಕಳೆಯಿತು. ಡಾಕ್ಟರ ಮಾತನ್ನು ನೆನಪಿಸಿದಾಗಲೆಲ್ಲ ಅವಳು "ಬ್ಯಾಡ್ರಿ" ಎನ್ನುತ್ತಿದ್ದಳು. ಕಾರಣ ಕೇಳಿದರೆ ಎದ್ದು ಹೋಗುತ್ತಿದ್ದಳು. ಉಸುಕಿನ ಸಾಹೇಬ್ರ ಎನ್ನುವುದು ನಿಂತೇ ಹೋಯಿತು. ಅಷ್ಟರಲ್ಲಿ ತಮ್ಮನಿಗೆ ಹೆಣ್ಣುಮಗುವಾಯಿತು. ನನ್ನ ಹೆಂಡತಿ ಒಂದು ದಿನವೂ ಅದನ್ನು ಎತ್ತಿಕೊಳ್ಳಲಿಲ್ಲ. ಕುಲಾಯಿ, ಅಂಗಿ, ಬೆಳ್ಳಿಯ ಕಾಲ್ಗಡಗ ಎಲ್ಲ ತಂದಳು. ತಂದದ್ದನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು ದೂರ ಕೂತು ನೋಡುತ್ತಿದ್ದಳು. ಮಗು ತೆವಳಿಕೊಂಡು ಹತ್ತಿರ ಬಂದರೆ ಕಾಲು ಮೇಲೆತ್ತಿ ಕೂರುತ್ತಿದ್ದಳು. ನನಗೆ ಅದು ನನ್ನ ಮೇಲಿನ ಸಿಟ್ಟಾಗಿಯೇ ಕಂಡಿತು. ಒಂದು ದಿನ ಬಸ್‌ಸ್ಟಾಪಿನಲ್ಲಿ, ನಾಲ್ಕು ಜನರೆದುರು, "ನನ್ನ ಮ್ಯಾಲಿನ ಸಿಟ್ಟು ಆ ಕೂಸಿನ ಮ್ಯಾಲ ಯಾಕ ತೀರಿಸ್ಕೋತಿ?" ಎಂದುಬಿಟ್ಟೆ. ಅವಳು ನನ್ನನ್ನು ನೋಡಿದಳು, ಬಸ್ಸು ಬಂತು, ಹತ್ತಿದಳು. ಇದನ್ನು ಬರೆಯುವಾಗ ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇನ್ನೂ ಮೂರು ವರ್ಷ ಹೀಗೆ ನಡೆಯಿತು. ಹಿರಿಯರು ನಿವೃತ್ತರಾದರು. ಮರಳಿನ ದಾರಿಯನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವ ಹುಡುಗರು ಬಂದರು, ನಮ್ಮ ಬೋಟಿನ ಕೆಲಸ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಆಗ ತಮ್ಮನಿಗೆ ಎರಡನೆಯದು ಗಂಡಾಯಿತು. ಹೆಸರಿಡುವ ದಿನ ನಮ್ಮ ಕಡೆ ಕೂಸನ್ನು ತೊಟ್ಟಿಲ ಕೆಳಗಿಂದ ಒಬ್ಬರು ಕೊಡುವುದು, ಆಚೆ ಕೂತವರು ತೆಗೆದುಕೊಂಡು ಮೇಲಿನಿಂದ ತಿರುಗಿ ಕೊಡುವುದು ಇದೆ. ಆಚೆ ಕೂರಲು ಅವ್ವ ನನ್ನ ಹೆಂಡತಿಯನ್ನು ಕರೆದಳು. ಅವಳು ಕೂತಳು. ತೊಟ್ಟಿಲ ಕೆಳಗಿಂದ ಕೂಸು ಬಂದಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎದ್ದು ಗೋಡೆಗೆ ಹೋಗಿ ನಿಂತಳು. ಹಾಡುತ್ತಿದ್ದ ಹೆಂಗಸರು ನಿಲ್ಲಿಸಿದರು. "ಇಷ್ಟು ಹೊಟ್ಟೆಕಿಚ್ಚು ಇರಬಾರದವ್ವಾ" ಎಂದು ಅವ್ವ ಅಂದುಬಿಟ್ಟಳು.

ತಾರ್ನಾಕಕ್ಕೆ ಹೊರಟ ಆಟೋದಲ್ಲಿ ಹೆಂಡತಿ ತಾನಾಗಿಯೇ ಮಾತು ತೆಗೆದಳು.

"ನನ್ನ ಕೈಯಾಗ ಕೂಸು ಕೊಡಬ್ಯಾಡ್ರಿ ಅಂತ ನೀವಾದ್ರೂ ಅತ್ತಿಯವ್ರಿಗೆ ಹೇಳಬೇಕಿತ್ತು."

"ಯಾಕ?"

"ನಿಮಗ ಗೊತ್ತೈತಲ್ರಿ."

"ನನಗೇನ್ ಗೊತ್ತೈತಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆ ಉಸುಕು ನಾ ತಿಂದೀನ್ರಿ. ಮೂಸಿದ್ರ ಸಾಕಾಗ್ತಿರಲಿಲ್ಲ. ದಿನಾ ಮುಂಜಾನೆ ಒಂದು ಚಿಟಿಕಿ ಬಾಯಾಗ ಹಾಕ್ಕೊಂತಿದ್ದೆ. ನೀವು ಬಾಟ್ಲಿ ಮ್ಯಾಲ ಮಷೀನ್ ಹಿಡದಾಗ ಎಲ್ಲಾ ತಿಳೀತು."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ಅಂಗಿ ಮ್ಯಾಲ ಹಿಡದ್ರಿ, ಬೂಟಿನ ಮ್ಯಾಲ ಹಿಡದ್ರಿ. ನನ್ನ ಮ್ಯಾಲ ಹಿಡೀಲೇ ಇಲ್ಲ. ನಾ ಕಾಯ್ಕೋತ ಕುಂತಿದ್ದೆ. ಬ್ಯಾಟರಿ ಮುಗದಿಲ್ಲ ಅಂತ ನನಗ ಗೊತ್ತಿತ್ರಿ. ನನ್ನ ಮ್ಯಾಲ ಹಿಡದ್ರ ಏನಾಗತೈತಿ ಅಂತ ನಿಮಗ ಗೊತ್ತೈತಿ, ನನಗ ತಿಳೀಬಾರದು ಅಂತ ಬಂದ್ ಮಾಡಿದ್ರಿ ಅಂದ್ಕೊಂಡೆ. ಆಫೀಸಿನ್ಯಾಗ ಟೈಪ್ ಮಾಡ್ತೀನಲ್ರಿ, ಮೈಯಾಗ ಹೋದದ್ದು ವರ್ಷಗಟ್ಟಲೆ ಇರತೈತಿ ಅಂತ ಕೇಳೀನಿ. ಅದಕ ಕೂಸುಗಳನ್ನ ಮುಟ್ಟಲಿಲ್ಲ."

ಬಾಟಲಿ ಎಲ್ಲಿದೆ ಎಂದು ಕೇಳಿದೆ. ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದಾಳಂತೆ. ಹೊರಗೆ ಎಸೆದರೆ ಯಾರದೋ ಮಕ್ಕಳು ಆಡಲು ತೆಗೆದುಕೊಂಡಾರು ಎಂದು. ಆಟೋ ರೈಲ್ವೆ ಗೇಟಿನಲ್ಲಿ ನಿಂತಿತ್ತು. ನಾನು ಅಳುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡ ಆಟೋದವನು ಹಾಡಿನ ಸದ್ದು ಕಡಿಮೆ ಮಾಡಿದ.

ಆ ವಾರವೇ ಯಂತ್ರವನ್ನು ಮತ್ತೆ ತಂದೆ. ಈ ಸಲ ಅರ್ಜಿ ಬರೆದು, ಗೇಟಿನಲ್ಲಿ ತೋರಿಸಿ ತಂದೆ. ಭಾನುವಾರ ಬೆಳಿಗ್ಗೆ ಅವಳ ಕೈಗೆ ನೋಟುಬುಕ್ಕು ಪೆನ್ನು ಕೊಟ್ಟೆ. ಹಿರಿಯರು ಹೇಳಿದ್ದ ಕ್ರಮದಲ್ಲೇ ಸುರು ಮಾಡಿದೆ. ಮೊದಲು ಬರೀ ಗಾಳಿ. ಆಮೇಲೆ ಗೋಡೆ, ನೆಲ, ದೇವರ ಗೂಡು, ಅಡುಗೆಮನೆಯ ಕಲ್ಲಿನ ಕಟ್ಟೆ. ಬೋಟಿನಲ್ಲಿ ಕೂಗುವ ಹಾಗೆ ಒಂದೊಂದು ಅಂಕಿಯನ್ನೂ ಕೂಗಿದೆ. ದಿನವಿಡೀ ಯಾರದೋ ದನಿ ಕೇಳಿ ಬರೆಯುವುದೇ ಅವಳ ಕೆಲಸ, ತಲೆ ಎತ್ತದೆ ಬರೆದಳು. ಟ್ರಂಕಿನಿಂದ ಬಾಟಲಿ ತೆಗೆದು ಅದರದ್ದೂ ಬರೆಸಿದೆ. ಆ ದಂಡೆಯಲ್ಲಿ ಮಕ್ಕಳು ಇದರಲ್ಲೇ ಮನೆ ಕಟ್ಟಿ ಆಡುತ್ತಾರೆ, ಕೂಲಿಯವರು ಇದರ ಮೇಲೆ ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಇದು ಬಾಯಿಗೆ ಹೋದರೂ ಕರಗುವುದಿಲ್ಲ, ಹೇಗೆ ಹೋಯಿತೋ ಹಾಗೇ ಹೊರಗೆ ಹೋಗುತ್ತದೆ ಎಂದು ಹೇಳಿದೆ. ನಾಲ್ಕು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು. ಕೊನೆಗೆ ಅವಳ ಅಂಗೈ, ಗಂಟಲು, ಹೊಟ್ಟೆ. ಹೊಟ್ಟೆಯ ಮೇಲೆ ಹಿಡಿದಾಗ ಯಂತ್ರದ ಮುಖವನ್ನು ಅವಳ ಕಡೆ ತಿರುಗಿಸಿದೆ. ಅವಳೇ ಬಗ್ಗಿ ಮುಳ್ಳು ನೋಡಿ ಬರೆದುಕೊಂಡಳು.

ಬರೆದದ್ದನ್ನೆಲ್ಲ ಬೆರಳಿಟ್ಟು ಓದಿದಳು. "ಅಡಗಿ ಮನಿ ಕಟ್ಟೀದು ನನಗಿಂತ ಹೆಚ್ಚೈತಲ್ರಿ" ಎಂದಳು. ಹೈದರಾಬಾದಿನ ಬಂಡೆಗೆ ಕಿರಣ ತುಸು ಹೆಚ್ಚೇ ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು.

"ಹಂಗಾರ ನಮ್ಮ ಕೂಸು ಯಾಕ ಹೋತ್ರಿ?"

ನಾಲ್ಕು ವರ್ಷ ತಾನೇ ಕಾರಣ ಎಂದು ಹಿಡಿದುಕೊಂಡಿದ್ದಳು. ಅದನ್ನು ನಾನು ಕಿತ್ತುಕೊಂಡು ಅವಳ ಕೈಗೆ ಏನನ್ನೂ ಕೊಡಲಿಲ್ಲ. ಮಂಚದ ಮೇಲೆ ಅವಳ ಪಕ್ಕದಲ್ಲಿ ಕೂತೆ. ಆಸ್ಪತ್ರೆಯಿಂದ ಬಂದ ದಿನ ಅಳದವಳು ಅಂದು ಮಧ್ಯಾಹ್ನದವರೆಗೆ ಅತ್ತಳು. ಆಮೇಲೆ ನಾವು ಡಾಕ್ಟರ ಹತ್ತಿರ ಹೋದೆವು, ಬಹಳ ಸಲ ಹೋದೆವು. ನಮಗೆ ಮತ್ತೆ ಮಗುವಾಗಲಿಲ್ಲ.

ಆದರೆ ಅದಕ್ಕೆ ಮೊದಲಿನದೊಂದು ಉಳಿದಿದೆ. ಅಳೆದ ಮಾರನೆಯ ಭಾನುವಾರ, "ಮಲ್ಕಾಜ್‌ಗಿರಿಗೆ ಹೋಗೋಣ್ರಿ" ಎಂದು ಅವಳೇ ಹೊರಟಳು. ದಾರಿಯಲ್ಲಿ ಬಾಳೆಹಣ್ಣು ತೆಗೆದುಕೊಂಡಳು. ಅವ್ವನಿಗೆ ನಾನು ಹಿಂದಿನ ದಿನವೇ ಹೋಗಿ ಎಲ್ಲ ಹೇಳಿದ್ದೆ, ಬ್ಯಾಟರಿಯ ಸುಳ್ಳನ್ನೂ ಹೇಳಿದ್ದೆ. ಅವ್ವ ಬಾಗಿಲಿಗೆ ಬಂದು ಸೊಸೆಯ ಕೈ ಹಿಡಿದು ಒಳಗೆ ಕರೆದೊಯ್ದಳು. ನನ್ನ ಮೇಲೆ ನೀರು ಚಿಮುಕಿಸಲಿಲ್ಲ. ತಮ್ಮನ ಹೆಂಡತಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಮೂರು ವರ್ಷದ ಹಿರಿಯವಳು ನೆಲದ ಮೇಲೆ ಕೂತು ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ನನ್ನ ಹೆಂಡತಿ ಅವಳ ಮುಂದೆ ಮೊಣಕಾಲೂರಿ ಕೂತು ಎರಡೂ ಕೈ ಚಾಚಿದಳು.

"ಬಾರವ್ವಾ, ದೊಡ್ಡವ್ವನ ಹತ್ರ ಬಾ."

ಹುಡುಗಿ ಚಮಚ ನಿಲ್ಲಿಸಿ ಆ ಕೈಗಳನ್ನು ನೋಡಿತು. ಎದ್ದು ಹಿಂದೆ ಸರಿದು ತಾಯಿಯ ಬೆನ್ನಿಗೆ ನಿಂತಿತು. ನನಗೆ ಗೊತ್ತಿಲ್ಲವೇನೋ ಎಂಬಂತೆ, ನನ್ನ ಕಡೆ ತಿರುಗಿ ಹೇಳಿತು.

"ದೊಡ್ಡವ್ವ ಯಾರನ್ನೂ ಮುಟ್ಟಾಂಗಿಲ್ಲ."

ಹೆದರಿಕೆಯಿಂದ ಹೇಳಿದ ಮಾತಲ್ಲ, ಸಿಟ್ಟೂ ಇರಲಿಲ್ಲ. ಮನೆಯಲ್ಲಿ ಒಲೆ ಮುಟ್ಟಬಾರದು, ಗೇಟು ದಾಟಬಾರದು ಎನ್ನುವಂತೆ ಹೇಳಿತು. ತಮ್ಮನ ಹೆಂಡತಿ ಗದರಿಸಲು ಹೋದವಳು ಅದನ್ನು ಬಿಟ್ಟು, ಮಡಿಲಲ್ಲಿದ್ದ ಕೂಸನ್ನು ಎತ್ತಿ ಇನ್ನೂ ಚಾಚಿಕೊಂಡೇ ಇದ್ದ ಆ ಕೈಗಳಲ್ಲಿ ಇಟ್ಟಳು. ನನ್ನ ಹೆಂಡತಿ ಅದನ್ನು ಎದೆಗೆ ಒತ್ತಿಕೊಂಡು ದೊಡ್ಡವಳನ್ನೇ ನೋಡುತ್ತಿದ್ದಳು. ಆ ಮಾತನ್ನು ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮೂರು ವರ್ಷ ನೋಡಿ ನೋಡಿ ತಾನೇ ಕಲಿತಿತ್ತು.